ಲೈನ್ ಕಡೆಯ ಕೊಂಬೆಗಳು

ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಜನ ಸಾಮಾನ್ಯವಾಗಿ ಎರಡೇ ಕಾರಣಕ್ಕೆ ಬರುತ್ತಾರೆ. ಬಿಲ್ ಜಾಸ್ತಿ ಬಂತು ಎಂದು, ಇಲ್ಲವೇ ಕರೆಂಟೇ ಬರಲಿಲ್ಲ ಎಂದು. ಆಕೆ ಬಂದದ್ದು ಮರದ ವಿಚಾರಕ್ಕೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನೂ ಮರೆತು ಹೊಲಿಗೆ ಮಧ್ಯೆ ಎದ್ದು ಬಂದಿದ್ದರು. ತಮ್ಮ ಮನೆ ಮುಂದಿನ ಮಳೆಮರ ಗಾಳಿ ಬಂದಾಗ ಬುಡದಿಂದಲೇ ಅಲ್ಲಾಡುತ್ತಿದೆ, ಬಂದು ನೋಡಬೇಕು ಎಂದರು. ಮರ ನಮ್ಮದಲ್ಲ, ಅರಣ್ಯ ಇಲಾಖೆಯದ್ದು ಎಂದು ನಾನು ಮಾಮೂಲಿ ಪಾಠ ಒಪ್ಪಿಸಿದೆ. ಆಕೆ ತಲೆಯಾಡಿಸಿ, ಅದು ಗೊತ್ತು, ಆದರೆ ಅದನ್ನು ವರ್ಷಾ ವರ್ಷಾ ಕಡಿಯುತ್ತಿರುವವರು ನೀವೇ ಅಲ್ಲವೇ ಎಂದರು. ಮಾತು ನ್ಯಾಯವಾಗಿಯೇ ಇತ್ತು. ಮಧ್ಯಾಹ್ನ ಬರುತ್ತೇನೆ ಎಂದೆ.

ಆಗ ನಾನು ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಜೂನಿಯರ್ ಇಂಜಿನಿಯರ್. ತುಮಕೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಊರಿನ ಹೆಸರು ಬೇಡ. ಅಲ್ಲಿಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ, ಉಳಿದವರಿಗೆ ಅದರಿಂದ ಆಗಬೇಕಾದ್ದೇನಿಲ್ಲ.

ಮಧ್ಯಾಹ್ನ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಮೇಸ್ತ್ರಿ ಎಂದರೆ ಲೈನ್‌ಮ್ಯಾನ್‌ಗಳಲ್ಲೇ ಹಿರಿಯರು, ಆ ಹೋಬಳಿಯ ಪ್ರತಿ ಕಂಬವನ್ನೂ ಹೆಸರಿಟ್ಟು ಕರೆಯಬಲ್ಲವರು. ರಸ್ತೆ, ರಸ್ತೆ ಪಕ್ಕ ಹೊಸ ಚರಂಡಿ, ಅದರ ಅಂಚಿನಲ್ಲಿ ನಮ್ಮ ಹನ್ನೊಂದು ಕೆವಿ ಲೈನು, ಲೈನಿಗೆ ಒತ್ತಿಕೊಂಡು ಮರ, ಮರದಾಚೆ ಆಕೆಯ ಮನೆ. ಹಳೆಯ ಹೆಂಚಿನ ಮನೆ, ಮುಂದಕ್ಕೆ ಸಿಮೆಂಟ್ ಶೀಟ್ ಹಾಕಿ ಒಂದು ಕೋಣೆ ಎಳೆದಿದ್ದರು. ಅದೇ ಟೈಲರಿಂಗ್ ಅಂಗಡಿ. ಮರ ಇಬ್ಬರು ಕೈಚಾಚಿ ತಬ್ಬಿದರೂ ಬೆರಳು ಸೇರದಷ್ಟು ದಪ್ಪ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ನಮ್ಮವರು ಲೈನಿನ ಮೇಲಿನ ಕೊಂಬೆಗಳನ್ನು ಸವರುತ್ತಾರೆ. ಈ ಕೆಲಸಕ್ಕೆ ನಮ್ಮಲ್ಲಿ ಜಂಗಲ್ ಕಟಿಂಗ್ ಎಂದು ಹೆಸರು. ಊರ ನಡುವೆ ಜಂಗಲ್ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ. ಸವರುವುದು ಲೈನ್ ಕಡೆಯದನ್ನು ಮಾತ್ರ, ಏಕೆಂದರೆ ನಮಗೆ ಬೇಕಾದ್ದು ಅಷ್ಟೇ. ಹೀಗೆ ವರ್ಷ ವರ್ಷ ಸವರಿ ಸವರಿ ಮರ ಅರ್ಧ ತಲೆ ಬೋಳಿಸಿದ ಹಾಗೆ ಕಾಣುತ್ತಿತ್ತು. ರಸ್ತೆ ಕಡೆ ಎರಡು ದಪ್ಪ ಕೊಂಬೆ, ಒಂದಷ್ಟು ಚಿಗುರು. ಉಳಿದ ಇಡೀ ಮರ ಆಕೆಯ ಮನೆಯ ಮೇಲಿತ್ತು.

ಮೇಸ್ತ್ರಿ ಚರಂಡಿಗೆ ಇಳಿದರು. ಹಿಂದಿನ ವರ್ಷ ಜೆಸಿಬಿ ತಂದು ಚರಂಡಿ ತೋಡಿದಾಗ ಆ ಕಡೆಯ ಬೇರುಗಳನ್ನೆಲ್ಲ ಕತ್ತರಿಸಿ ಕಲ್ಲು ಕಟ್ಟಿದ್ದರು. ತೊಡೆ ಗಾತ್ರದ ಬೇರುಗಳು ಕಲ್ಲಿನ ಸಂದಿಯಲ್ಲಿ ಕಪ್ಪಾಗಿ ಕಾಣುತ್ತಿದ್ದವು. ಮರ ಮನೆ ಕಡೆಗೆ ವಾಲಿದರೆ ಹಿಂದಿನಿಂದ ಎಳೆದು ಹಿಡಿಯಬೇಕಾದವು ಅವೇ ಬೇರುಗಳು. ಬುಡದ ಸುತ್ತ ರಸ್ತೆ ಕಡೆಯ ಮಣ್ಣು ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮೇಸ್ತ್ರಿ ಬಿರುಕಿನಲ್ಲಿ ಕಡ್ಡಿ ಹಾಕಿ ನೋಡಿ, ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಇವತ್ತು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

ಆಕೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

“ನಾವು ಬರ್ದ್ರೆ ಯಾರೂ ನೋಡಕಿಲ್ಲ ಮೇಡಂ. ನೀವು ಆಫೀಸಿನಿಂದ ಬರ್ದ್ರೆ ನೋಡ್ತಾರೆ. ಒಂದು ಲೆಟರ್ ಬರ್ದ್ ಹಾಕಿ.”

ಬರೆಯುತ್ತೇನೆ ಎಂದೆ. ಅವತ್ತು ಅದು ನಿಜವಾದ ಮಾತಾಗಿತ್ತು.

ಕಚೇರಿಗೆ ಬಂದು ಕಂಪ್ಯೂಟರಿನಲ್ಲಿ ಹಳೆಯ ಪತ್ರ ತೆರೆದೆ. ಅರಣ್ಯ ಇಲಾಖೆಗೆ ಬರೆಯುವ ಪತ್ರಗಳಿಗೆ ಒಂದು ನಮೂನೆ ಇರುತ್ತದೆ. ನನಗಿಂತ ಮುಂಚೆ ಇದ್ದವರಿಗೂ ಮುಂಚೆ ಯಾರೋ ಬರೆದದ್ದು. ಕಂಬದ ನಂಬರ್, ಊರು, ತಾರೀಖು ಬದಲಾಯಿಸಿದರೆ ಆಯಿತು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮರದ ಕೊಂಬೆಗಳು ವಿದ್ಯುತ್ ಮಾರ್ಗಕ್ಕೆ ತಾಗುತ್ತಿದ್ದು’ ಎಂದು ಶುರುವಾಗುತ್ತದೆ. ಅದರ ಕೆಳಗೆ ನಾನು ಹೊಸದಾಗಿ ಒಂದು ಪ್ಯಾರಾ ಸೇರಿಸಿದೆ. ಮರದ ಬೇರು ಕತ್ತರಿಸಿ ಹೋಗಿದೆ, ಮರ ವಾಸದ ಮನೆಯ ಕಡೆಗೆ ವಾಲಿದೆ, ಮನೆಯವರ ಜೀವಕ್ಕೆ ಅಪಾಯವಿದೆ, ಆದ್ದರಿಂದ ಮನೆ ಕಡೆಯ ಕೊಂಬೆಗಳನ್ನೂ ಇಳಿಸಲು ಅಥವಾ ಮರವನ್ನೇ ತೆರವು ಮಾಡಲು ಕ್ರಮ ವಹಿಸಬೇಕು ಎಂದು. ಓದಿದಾಗ ಚೆನ್ನಾಗಿಯೇ ಇತ್ತು.

ಆಮೇಲೆ ಯೋಚನೆ ಶುರುವಾಯಿತು. ಪತ್ರದ ಪ್ರತಿ ನನ್ನ ಮೇಲಧಿಕಾರಿಗೂ ಹೋಗುತ್ತದೆ. ಹಿಂದಿನ ಶಾಖೆಯಲ್ಲಿ ಒಂದು ಹೊಂಗೆ ಮರದ ಕೊಂಬೆಯನ್ನು ಅನುಮತಿಗಿಂತ ಹೆಚ್ಚು ಕಡಿಸಿದೆ ಎಂದು ಯಾರೋ ಫೋಟೋ ತೆಗೆದು ದೂರು ಕೊಟ್ಟು, ನನಗೆ ಮೆಮೊ ಬಂದಿತ್ತು. ಆಗ ಇದೇ ಮೇಲಧಿಕಾರಿ ಕರೆದು, ನಮಗೆ ಸಂಬಂಧಿಸಿದ್ದಷ್ಟನ್ನೇ ಮಾಡಿ, ನಮಗೆ ಸಂಬಂಧಿಸಿದ್ದಷ್ಟನ್ನೇ ಬರೆಯಿರಿ, ಊರಿನ ಉಸಾಬರಿ ಹೊತ್ತುಕೊಳ್ಳಬೇಡಿ ಎಂದಿದ್ದರು. ಮನೆಯ ವಿಷಯ ನಾವು ಬರೆದರೆ, ನಾಳೆ ಏನಾದರೂ ಆದಾಗ ನಿಮಗೆ ಗೊತ್ತಿತ್ತಲ್ಲ ಎಂದು ನಮ್ಮನ್ನೇ ಕೇಳುತ್ತಾರೆ ಎಂಬ ಲೆಕ್ಕಾಚಾರವೂ ತಲೆಯಲ್ಲಿ ಓಡಿತು. ಆ ಪ್ಯಾರಾವನ್ನು ಆಯ್ಕೆ ಮಾಡಿ ಅಳಿಸಿದೆ. ಒಂದು ಗುಂಡಿ ಒತ್ತುವ ಕೆಲಸ. ಮನೆಯ ವಿಷಯಕ್ಕೆ ಬೇರೆ ಪತ್ರ ಬರೆದರಾಯಿತು, ಪಂಚಾಯಿತಿಯವರಿಂದಲೇ ಬರೆಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರ್ಚ್ ತಿಂಗಳ ಕೆಲಸ ಮೈಮೇಲೆ ಬಿದ್ದು ಆ ಬೇರೆ ಪತ್ರ ಎಂದೂ ಹುಟ್ಟಲಿಲ್ಲ.

ಅನುಮತಿ ಬೇಗನೇ ಬಂತು. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು. ಮಾರ್ಗಕ್ಕೆ ತಾಗುವ ಕೊಂಬೆಗಳನ್ನು ಮಾತ್ರ ಸವರಬಹುದು, ಮರದ ಉಳಿದ ಭಾಗಕ್ಕೆ ಧಕ್ಕೆಯಾಗಬಾರದು. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಕಟಿಂಗ್ ದಿನ ಹತ್ತರಿಂದ ಎರಡು ಗಂಟೆವರೆಗೆ ಎಲ್‌ಸಿ ತೆಗೆದುಕೊಂಡೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ನಮ್ಮ ಫೀಡರ್, ಅಂದರೆ ಊರಿಗೆ ಕರೆಂಟ್ ಬರುವ ಮುಖ್ಯ ಲೈನು, ಆಫ್ ಮಾಡಿ ಒಂದು ನಂಬರ್ ಹೇಳುತ್ತಾನೆ. ನಾನು ಪುಸ್ತಕದಲ್ಲಿ ಬರೆದುಕೊಂಡು, ಸ್ವಿಚ್ ತೆಗೆಸಿ ಬೀಗ ಹಾಕಿಸಿ, ಮೂರು ತಂತಿಗೂ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಡಿಸ್ಚಾರ್ಜ್ ರಾಡ್ ಕೊಕ್ಕೆ ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮರಕ್ಕೆ ಜನ ಹತ್ತಬೇಕು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಹಿಟ್ಟಿನ ಗಿರಣಿಯವನು, ಹೋಟೆಲಿನವನು, ತೋಟದ ಮೋಟರಿನವರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಬೈದರು. ಟೈಲರಮ್ಮ ಮಾತ್ರ ಮಿಷನ್ನಿನ ಮೋಟರ್ ನಿಂತದ್ದಕ್ಕೆ ಗೊಣಗದೆ ಬಾಗಿಲಲ್ಲಿ ಕೂತು ಕೈಯಲ್ಲೇ ಹೆಮ್ಮಿಂಗ್ ಹಾಕುತ್ತಾ, ನಮಗೆಲ್ಲ ಮಜ್ಜಿಗೆ ಕೊಟ್ಟರು.

ಮರ ಹತ್ತಿದವರು ಒಬ್ಬರೇ, ಗುಬ್ಬಿ ಕಡೆಯವರು. ಮೊದಲು ತೆಂಗಿನಕಾಯಿ ಕೀಳುತ್ತಿದ್ದವರು, ಈಗ ಮರ ಇಳಿಸುವುದೇ ಕಸುಬು. ಕಡಿಯುವುದು ಎಂದು ಅವರು ಹೇಳುವುದಿಲ್ಲ, ಇಳಿಸುವುದು ಎನ್ನುತ್ತಾರೆ. ಕೊಂಬೆಗೆ ಹಗ್ಗ ಬಿಗಿದು, ಹಗ್ಗವನ್ನು ಮೇಲಿನ ಕವೆಯಲ್ಲಿ ಹಾಯಿಸಿ, ಕೆಳಗಿನವರು ಬಿಗಿಹಿಡಿದ ಮೇಲೆ ಗರಗಸ ಹಾಕಿ, ತುಂಡನ್ನು ಮಗುವನ್ನು ಇಳಿಸಿದ ಹಾಗೆ ಇಳಿಸುತ್ತಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ಚಿಗುರೆಲ್ಲ ಮುಗಿದು, ಲೈನ್ ಕಡೆಯ ಆ ಎರಡು ದಪ್ಪ ಕೊಂಬೆ ಉಳಿದವು. ಅಲ್ಲಿಗೆ ಅವರು ಕೆಲಸ ನಿಲ್ಲಿಸಿ ಕೆಳಗಿಳಿದು ಬಂದರು. ದಣಿವಾಗಿದೆ ಎಂದುಕೊಂಡೆ.

“ಇವೆರಡು ಕೊಂಬೆ ತಗದ್ರೆ ಮರ ಪೂರ್ತಿ ಮನೆ ಕಡೀಕೆ ಭಾರ ಆಯ್ತದೆ ಮೇಡಂ,” ಎಂದರು. “ತಗದ್ರೆ ಎರಡೂ ಕಡೆ ತಗೀಬೇಕು. ಇಲ್ಲಾಂದ್ರೆ ಇವ್ನ ಮುಟ್ಟದೆ ಬುಟ್ಬುಡಿ.”

ಎಲ್‌ಸಿಯಲ್ಲಿ ಇನ್ನೂ ಎರಡು ಗಂಟೆ ಸಮಯವಿತ್ತು. ಜನ ಇದ್ದರು, ಹಗ್ಗ ಇತ್ತು, ಕರೆಂಟ್ ಇರಲಿಲ್ಲ. ಆ ದಿನ ಬಿಟ್ಟರೆ ಅಂಥ ದಿನ ಮತ್ತೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಅನುಮತಿ ಪತ್ರದಲ್ಲಿ ‘ಮಾತ್ರ’ ಎಂದು ಬರೆದಿತ್ತು. ಎದುರು ಮನೆಯ ಮಹಡಿಯ ಮೇಲೆ ಒಬ್ಬ ಮೊಬೈಲ್ ಹಿಡಿದು ನಿಂತಿದ್ದ. ಹಾಗಾದರೆ ಆ ಎರಡು ಕೊಂಬೆಗಳನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಟ್ಟರೆ ಮಳೆಗಾಲವೆಲ್ಲ ಅವೇ ಕೊಂಬೆ ಲೈನಿಗೆ ಬಡಿದು ಫೀಡರ್ ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ, ತಿಂಗಳ ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಕೇಳುತ್ತಾರೆ. ಹಿಂದಿನ ಮಳೆಗಾಲದಲ್ಲಿ ಹಾಗೆ ನಿಂತಿದ್ದೆ. ಇನ್ನೊಮ್ಮೆ ನಿಲ್ಲಲು ಮನಸ್ಸಿರಲಿಲ್ಲ.

ಲೈನ್ ಕಡೆಯದನ್ನು ಮಾತ್ರ ಇಳಿಸಿ ಎಂದೆ. ಆತ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದರು. ಆತ ಹಗ್ಗ ಹೆಗಲಿಗೆ ಹಾಕಿಕೊಂಡು ಮತ್ತೆ ಹತ್ತಿದರು. ಒಂದೂವರೆ ಗಂಟೆಗೆಲ್ಲ ಎರಡೂ ಕೊಂಬೆ ರಸ್ತೆಯ ಮೇಲೆ ತುಂಡಾಗಿ ಬಿದ್ದಿದ್ದವು. ಲೈನಿನ ಮೇಲೆ ನಿಚ್ಚಳ ಆಕಾಶ. ಸಮಯಕ್ಕೆ ಮುಂಚೆಯೇ ಎಲ್‌ಸಿ ವಾಪಸ್ ಮಾಡಿದೆ ಎಂದು ಖುಷಿಯೂ ಆಯಿತು.

ಹೊರಡುವಾಗ ಟೈಲರಮ್ಮ ಮಜ್ಜಿಗೆ ಲೋಟಗಳನ್ನು ಎತ್ತಿಕೊಳ್ಳುತ್ತಾ, ಈ ಕಡೆಯದನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿದರು.

“ಅದಕ್ಕೂ ಬರ್ದಿದೀನಿ. ಪರ್ಮಿಷನ್ ಬರುತ್ತೆ,” ಎಂದೆ.

ಏಕೆ ಹಾಗೆಂದೆನೋ. ಬಿಸಿಲಿನಲ್ಲಿ ನಿಂತು ಸಾಕಾಗಿತ್ತು, ಜೀಪು ಹೊರಡಲು ಕಾಯುತ್ತಿತ್ತು, ಆಕೆಯ ಮುಖದಲ್ಲಿ ನಂಬಿಕೆ ಇತ್ತು. ಬರೆದಿಲ್ಲ ಎಂದರೆ ಅಲ್ಲೇ ಹತ್ತು ನಿಮಿಷ ನಿಂತು ವಿವರಿಸಬೇಕಿತ್ತು. ಹತ್ತು ನಿಮಿಷ ಉಳಿಸಲು ಒಂದು ಸುಳ್ಳು ಹೇಳಿದೆ. ಅಷ್ಟೇ ಕಾರಣ, ಅದಕ್ಕಿಂತ ದೊಡ್ಡದು ಹುಡುಕಿದರೂ ನನಗೆ ಸಿಕ್ಕಿಲ್ಲ.

ಎರಡು ವಾರ ಕಳೆದಿರಲಿಲ್ಲ. ಕುಣಿಗಲ್ಲಿನಲ್ಲಿ ಮೀಟಿಂಗ್ ಮುಗಿಸಿ ಹೊರಬರುವಾಗ ಸಂಜೆ ನಾಲ್ಕು ಗಂಟೆ. ಮಳೆ ಬರುವ ಮುಂಚಿನ ಗಾಳಿ ಎದ್ದು ದೂಳು ಕಣ್ಣಿಗೆ ಹೊಡೆಯುತ್ತಿತ್ತು. ಮೇಸ್ತ್ರಿಯ ಫೋನ್ ಬಂತು. ಮಳೆಮರ ಬಿತ್ತು ಎಂದರು. ನಾನು ಕೇಳಿದ ಮೊದಲ ಪ್ರಶ್ನೆ, ಲೈನ್ ಮೇಲೆ ಬಿತ್ತಾ ಎಂದು. ಇಲ್ಲ, ಆ ಕಡೆಗೆ ಬಿತ್ತು ಎಂದರು.

“ಸದ್ಯ,” ಎಂದೆ.

ನನ್ನ ಬಾಯಿಂದ ಬಂದ ಆ ಒಂದು ಮಾತನ್ನು ಕೇಳಿದವರು ಮೇಸ್ತ್ರಿ ಒಬ್ಬರೇ. ಅವರು ಇದುವರೆಗೂ ಅದನ್ನು ಯಾರ ಹತ್ತಿರವೂ ಎತ್ತಿಲ್ಲ, ನನ್ನ ಹತ್ತಿರವೂ.

“ಟೈಲರಮ್ಮ ಒಳಗವ್ರೆ ಮೇಡಂ. ಮೊದ್ಲು ಲೈನ್ ಆಫ್ ಮಾಡ್ಸಿ. ಕರೆಂಟ್ ಐತೆ ಅಂತ ಯಾರೂ ಹತ್ರ ಹೋಗ್ತಿಲ್ಲ.”

ಮರ ಲೈನಿನ ಮೇಲೆ ಬಿದ್ದಿದ್ದರೆ ಫೀಡರ್ ತಾನಾಗಿಯೇ ಟ್ರಿಪ್ ಆಗುತ್ತಿತ್ತು. ಅದು ಲೈನನ್ನು ಮುಟ್ಟದೆ ಬಿದ್ದಿದ್ದರಿಂದ ಕರೆಂಟ್ ಹರಿಯುತ್ತಲೇ ಇತ್ತು. ಮನೆಗೆ ಹೋಗುವ ಸರ್ವಿಸ್ ವೈರ್ ಕೊಂಬೆಗಳ ಅಡಿಯಲ್ಲಿ ಸಿಕ್ಕಿತ್ತು, ಮುರಿದ ಶೀಟಿನ ಸಂದಿಯಲ್ಲಿ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿತ್ತಂತೆ. ಊರಿನವರು ಮಚ್ಚು, ಕೊಡಲಿ ಹಿಡಿದು ಸುತ್ತ ನಿಂತಿದ್ದರು. ಹಸಿ ಕೊಂಬೆ ಮುಟ್ಟಬೇಡಿ, ಕರೆಂಟ್ ಹೊಡೆಯುತ್ತದೆ ಎಂದು ಅವರಿಗೆ ಹೇಳಿಕೊಟ್ಟವರೂ ನಾವೇ. ಮೇಸ್ತ್ರಿಯೂ ಮುಂದಿನ ಹಳ್ಳಿಯಿಂದ ಆಗಷ್ಟೇ ಬೈಕಿನಲ್ಲಿ ಬಂದಿದ್ದರು. ಸ್ಟೇಷನ್ನಿನ ಫೋನು ಎರಡು ಸಲ ಎಂಗೇಜ್ ಬಂತು. ಗಾಳಿ ಎದ್ದ ಹೊತ್ತಿನಲ್ಲಿ ಎಲ್ಲ ಊರಿನವರೂ ಅಲ್ಲಿಗೇ ಫೋನ್ ಮಾಡುತ್ತಾರೆ. ಮೂರನೇ ಸಲ ಸಿಕ್ಕಿತು. ಎಲ್‌ಸಿ ನಂಬರ್ ಬೇಡ, ಪುಸ್ತಕ ಬೇಡ, ಆಫ್ ಮಾಡು ಎಂದೆ. ನನ್ನ ಸರ್ವಿಸ್ಸಿನಲ್ಲಿ ನಂಬರಿಲ್ಲದೆ ಲೈನ್ ಆಫ್ ಮಾಡಿಸಿದ್ದು ಅದೊಂದೇ ಸಲ.

ನಾನು ತಲುಪುವ ಹೊತ್ತಿಗೆ ಆಕೆಯನ್ನು ಹೊರಗೆ ತೆಗೆದಿದ್ದರು. ಬುಡ ಸಮೇತ ಕಿತ್ತು ಬಂದಿದ್ದ ಮರ ಶೀಟಿನ ಕೋಣೆಯನ್ನು ನೆಲಕ್ಕೆ ಒತ್ತಿತ್ತು. ಮಿಷನ್ನಿನ ಮೇಲೆ ತೊಲೆ ಬಿದ್ದು ಆಕೆಯ ಬಲಗೈ ಅವೆರಡರ ನಡುವೆ ಸಿಕ್ಕಿತ್ತು. ಮಿಷನ್ ಗಟ್ಟಿಯಾಗಿ ನಿಂತದ್ದರಿಂದಲೇ ಜೀವ ಉಳಿಯಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಆಕೆಯ ಗಂಡ ಅಮೃತೂರು ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬಸ್ಸನ್ನು ಅರ್ಧ ದಾರಿಯಲ್ಲೇ ಬಿಟ್ಟು ಓಡಿ ಬಂದವರು, ಟಿಕೆಟ್ ಬ್ಯಾಗನ್ನು ಹೆಗಲಿನಿಂದ ತೆಗೆಯದೆಯೇ ಆಂಬುಲೆನ್ಸ್ ಹತ್ತಿದರು.

ಆರು ಗಂಟೆಗೆ ಲೈನ್ ಚಾರ್ಜ್ ಮಾಡಿಸಿ ಊರಿಗೆ ಕರೆಂಟ್ ಕೊಟ್ಟೆ. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ವರದಿ ಹಾಕಬೇಕಿತ್ತು. ಗಾಳಿಗೆ ಮರ ಬಿದ್ದಿದೆ, ಮಾರ್ಗಕ್ಕೆ ಯಾವುದೇ ಹಾನಿಯಾಗಿಲ್ಲ, ಸರಬರಾಜು ಸಾಮಾನ್ಯ ಸ್ಥಿತಿಯಲ್ಲಿದೆ ಎಂದು ನಾನೇ ಟೈಪ್ ಮಾಡಿದೆ. ಮೂರು ಜನ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಬಸ್ಸಿನಲ್ಲಿ ಕೂತು ತುಮಕೂರು ಬರುವವರೆಗೂ ಆ ಹೆಬ್ಬೆರಳುಗಳನ್ನೇ ನೋಡುತ್ತಿದ್ದೆ.

ಆಕೆಯನ್ನು ಸೇರಿಸಿದ್ದ ಆಸ್ಪತ್ರೆ ತುಮಕೂರಿನಲ್ಲಿ ನಮ್ಮ ಮನೆಯಿಂದ ಎರಡೇ ಸ್ಟಾಪು. ಆದರೂ ಹೋಗಲು ನನಗೆ ಎಂಟು ದಿನ ಬೇಕಾಯಿತು. ಕೈ ಉಳಿದಿತ್ತು, ಆದರೆ ಮೊಣಕೈ ಮಡಚುವುದಿಲ್ಲ, ಬೆರಳು ಕೂಡುವುದಿಲ್ಲ, ಕತ್ತರಿ ಹಿಡಿಯುವುದು ಇನ್ನು ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಆಕೆ ಎದ್ದು ಕೂರಲು ನೋಡಿದರು. ಡ್ರೆಸ್ಸಿಂಗ್ ಮಾಡುತ್ತಿದ್ದ ನರ್ಸಿಗೆ, ಇವರು ನಮ್ಮೂರಿನ ಕರೆಂಟ್ ಮೇಡಂ, ಆ ಮರದ ಬಗ್ಗೆ ನಮ್ಮ ಪರವಾಗಿ ಬರೆದವರು ಇವರೊಬ್ಬರೇ ಎಂದು ಪರಿಚಯ ಮಾಡಿಕೊಟ್ಟರು. ನಾನು ತಂದಿದ್ದ ಮೂಸಂಬಿಯನ್ನು ಸ್ಟೂಲಿನ ಮೇಲಿಟ್ಟು, ಕೂರದೆಯೇ ಹೊರಟೆ. ಹೊರಗೆ ಬಂದು ಆಟೋ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ. ಅಲ್ಲಿಯೇ, ಆಕೆಯ ಮುಂದೆಯೇ ಹೇಳಿಬಿಡಬೇಕಿತ್ತು.

ವಿಚಾರಣೆ ಹೆಸರಿಗೆ ನಡೆಯಿತು. ಪತ್ರ ಬರೆದಿದ್ದೇನೆ, ಅನುಮತಿ ಇದೆ, ಅನುಮತಿಯಂತೆಯೇ ಕಡಿಸಿದ್ದೇನೆ, ಎಲ್‌ಸಿ ಪುಸ್ತಕ ಸರಿಯಾಗಿದೆ. ವಿಚಾರಣೆಗೆ ಬಂದವರು ಫೈಲ್ ಮುಚ್ಚುತ್ತಾ, ಎಲ್ಲರೂ ಹೀಗೆ ರೆಕಾರ್ಡ್ ಇಟ್ಟರೆ ನಮಗೆ ಕೆಲಸವೇ ಇರುವುದಿಲ್ಲ ಎಂದು ಮೆಚ್ಚಿಕೊಂಡರು. ಮರ ಇಳಿಸುವವರು ಹೇಳಿದ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರನ್ನು ಯಾರೂ ಕರೆದು ಕೇಳಲೂ ಇಲ್ಲ. ನಾನೂ ಅವರ ಹೆಸರೆತ್ತಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಬಂದರು. ಪರಿಹಾರಕ್ಕೆ ಅರ್ಜಿ ಹಾಕಬೇಕು, ಮರದಿಂದ ಮನೆಗೆ ಅಪಾಯವಿದೆ ಎಂದು ಮೊದಲೇ ಇಲಾಖೆಗೆ ತಿಳಿಸಲಾಗಿತ್ತು ಎಂಬುದಕ್ಕೆ ದಾಖಲೆ ಬೇಕು ಎಂದು ವಕೀಲರು ಹೇಳಿದ್ದಾರೆ, ನೀವು ಬರೆದ ಆ ಪತ್ರದ ಒಂದು ಜೆರಾಕ್ಸ್ ಕೊಡಿ ಎಂದರು. ಫೈಲ್ ಮೇಲಿನ ಕಚೇರಿಗೆ ಹೋಗಿದೆ ಎನ್ನಬಹುದಿತ್ತು. ಅರ್ಜಿ ಕೊಟ್ಟು ತಿಂಗಳು ಬಿಟ್ಟು ಬನ್ನಿ ಎನ್ನಬಹುದಿತ್ತು. ಎರಡೂ ಬಾಯಿಗೆ ಬಂದವು. ನುಂಗಿಕೊಂಡು ಎದ್ದು ಹೋಗಿ ನಾನೇ ಜೆರಾಕ್ಸ್ ಮಾಡಿ ತಂದು ಮೇಜಿನ ಮೇಲಿಟ್ಟೆ.

ಗಂಡ ಕೈ ಚಾಚಿದರು, ಆಕೆ ತಾವೇ ಓದುತ್ತೇನೆ ಎಂದರು. ಬಲಗೈ ಮಡಿಲಲ್ಲಿತ್ತು. ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು ಒಂದೊಂದೇ ಸಾಲು ಓದಿದರು. ಒಂದೇ ಪುಟದ ಪತ್ರ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಹಿಂದುಗಡೆ ಏನಾದರೂ ಬರೆದಿದೆಯೇ ಎಂದು ಹಾಳೆ ತಿರುಗಿಸಿ ನೋಡಿದರು.

“ಇದ್ರಲ್ಲಿ ನಮ್ಮನೆ ವಿಷ್ಯ ಎಲ್ಲೈತೆ ಮೇಡಂ?” ಎಂದರು. ಯಾವ ಸಾಲು ಎಂದು ತೋರಿಸಿ ಎನ್ನುವ ಹಾಗೆಯೇ ಕೇಳಿದರು.

“ಇಲ್ಲ,” ಎಂದೆ. “ಮೊದಲು ಬರ್ದಿದ್ದೆ. ಆಮೇಲೆ ನಾನೇ ತೆಗೆದೆ. ನಿಮಗೆ ಸುಳ್ಳು ಹೇಳಿದೆ.”

ನನಗೆ ಗೊತ್ತಿದ್ದದ್ದನ್ನೆಲ್ಲ, ಬುಡದ ಬಿರುಕಿನಿಂದ ಹಿಡಿದು ಮರ ಇಳಿಸುವವರ ಮಾತಿನವರೆಗೆ ಎಲ್ಲವನ್ನೂ ನನ್ನ ಕೈಯಾರೆ ಬರೆದುಕೊಡುತ್ತೇನೆ ಎಂದೆ. ಅದನ್ನು ಆ ವಾರವೇ ಮಾಡಿದೆ ಕೂಡ. ಅದರ ಪರಿಣಾಮವಾಗಿ ನನ್ನ ಮೇಲೆ ವಿಚಾರಣೆ ಮತ್ತೆ ಶುರುವಾಗಿದೆ, ಅವರ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಆ ಹೊತ್ತಿನಲ್ಲಿ ಆಕೆ ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಹಾಳೆಯನ್ನು ಎಡಗೈಯೊಂದರಲ್ಲೇ ಮಡಚಲು ಎರಡು ಸಲ ನೋಡಿದರು, ಆಗಲಿಲ್ಲ. ಗಂಡ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು. ಆತ ಏನೋ ಗಟ್ಟಿಯಾಗಿ ಹೇಳಲು ಹೊರಟಾಗ ಆಕೆ ತಡೆದು ಎದ್ದರು. ಬಾಗಿಲವರೆಗೆ ಹೋಗಿ, ನಿಂತು ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಮ್ಮನೆಯವ್ರು ನೀವು ಕೊಂಬೆ ಇಳಿಸ್ದ ದಿನಾನೇ ತಾಲ್ಲೂಕ್ ಆಫೀಸಿಗೆ ಅರ್ಜಿ ಬರ್ಕೊಂಡು ಹೊರಟಿದ್ರು ಮೇಡಂ. ಮೇಡಂ ಬರ್ದವ್ರೆ, ಸುಮ್ನಿರಿ ಅಂತ ನಾನೇ ಕೂರಿಸ್ದೆ.”